ಬಾಣಂತಿಯ ಬಚ್ಚಲಿಗೆ ಬಂದ ಪೆಟ್ರೋಲು

ನಿವೃತ್ತಿಗೆ ಇನ್ನೆರಡು ವರ್ಷವಿದ್ದಾಗ ನಾನು ಮೈಸೂರಿನಲ್ಲಿ ಭೂವಿಜ್ಞಾನಿಯಾಗಿದ್ದೆ. ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆ ತಾಲ್ಲೂಕುಗಳ ಅಂತರ್ಜಲದ ಗುಣಮಟ್ಟ ನೋಡಿಕೊಳ್ಳುವುದು ನನ್ನ ಕೆಲಸ. ಬರುವ ದೂರುಗಳಲ್ಲಿ ಹೆಚ್ಚಿನವು ಫ್ಲೋರೈಡಿನವು, ಇಲ್ಲವೇ ಚರಂಡಿ ನೀರಿನವು. ಹಾಗಾಗಿ ಕೋಟೆ ತಾಲ್ಲೂಕಿನ ಹ್ಯಾಂಡ್‌ಪೋಸ್ಟ್ ಎಂಬ ಊರಿನ ಹತ್ತಿರದ ಬೋರ್‌ವೆಲ್ಲೊಂದರಲ್ಲಿ ಪೆಟ್ರೋಲ್ ವಾಸನೆ ಎಂಬ ದೂರು ಬಂದಾಗ, ಮೋಟಾರ್ ರಿಪೇರಿಯವರು ಎಣ್ಣೆ ಚೆಲ್ಲಿರಬೇಕು ಎಂದುಕೊಂಡು ಜೀಪು ಹತ್ತಿದೆ.

ದೂರು ಕೊಟ್ಟವರು ಕೆಂಪಮ್ಮ. ಬಸ್ಸು ನಿಲ್ಲುವ ಕಡೆ ಹೂವು ಮಾರುವ, ಗಟ್ಟಿ ಗಂಟಲಿನ ಹೆಂಗಸು. ಅವರ ಮನೆಯ ಬೋರಿನಿಂದಲೇ ಅಕ್ಕಪಕ್ಕದವರೂ ನೀರು ಹಿಡಿಯುತ್ತಿದ್ದರು. ಮಾತಿಗೆ ಮೊದಲು ಅವರು ನೀರಿನ ಚೊಂಬನ್ನು ನನ್ನ ಮೂಗಿನ ಹತ್ತಿರ ತಂದರು.

"ಮೂಸಿ ನೋಡಿ ಮೇಡಮ್ಮೋರೆ. ನಮ್ಮ ಮಗ್ಳು ಚೊಚ್ಚಲ ಹೆರಿಗೆಗೆ ಬತ್ತಾವ್ಳೆ. ಅವ್ಳು ಬರಾದ್ರೊಳಗೆ ನೀರು ಸರಿ ಮಾಡ್ಕೊಡಿ, ಅಷ್ಟೇಯ."

ಮನೆಯ ಹಿಂದೆ ಎರಡು ನಿವೇಶನ ದಾಟಿದರೆ ಒಂದು ಪೆಟ್ರೋಲ್ ಬಂಕ್. ವಾಸನೆ ಮೂಗಿಗೆ ಬಡಿಯುತ್ತಿರುವಾಗ ಪರೀಕ್ಷೆ ಯಾಕೆ ಎಂದು ಜನ ರೇಗುತ್ತಾರೆ. ಆದರೆ ನಮ್ಮ ಮೂಗನ್ನು ಕೋರ್ಟು ಒಪ್ಪುವುದಿಲ್ಲ. ಗಾಜಿನ ಪುಟ್ಟ ಬಾಟಲಿಯಲ್ಲಿ ಒಂದು ಗುಳ್ಳೆಯೂ ಉಳಿಯದಂತೆ ನೀರು ತುಂಬಿ, ಐಸ್ ಪೆಟ್ಟಿಗೆಯಲ್ಲಿಟ್ಟು ಲ್ಯಾಬಿಗೆ ಕಳಿಸಬೇಕು. ಪೆಟ್ರೋಲಿನಲ್ಲಿರುವ ಬೆಂಜೀನ್, ಟಾಲೂಯೀನ್ ಮುಂತಾದವು ಗಾಳಿ ಕಂಡರೆ ಹಾರಿಹೋಗುತ್ತವೆ. ಗುಳ್ಳೆ ಉಳಿದರೆ ಅವು ನೀರು ಬಿಟ್ಟು ಗುಳ್ಳೆ ಸೇರಿ, ವರದಿ ಸುಳ್ಳಾಗುತ್ತದೆ.

ವರದಿಯಲ್ಲಿ ಬೆಂಜೀನ್, ಟಾಲೂಯೀನ್ ಎರಡೂ ಸಿಕ್ಕವು. ಬಂಕಿನ ಸುತ್ತ ನಿಗಾ ಬಾವಿಗಳನ್ನು, ಅಂದರೆ ನೀರಿನ ಮಾದರಿ ತೆಗೆಯಲೆಂದೇ ಇರುವ ಸಣ್ಣ ಬೋರ್‌ಗಳನ್ನು, ಕೊರೆಸಿದೆವು. ಬಂಕಿಗೆ ಅಂಟಿಕೊಂಡಿದ್ದ ಗ್ಯಾರೇಜಿನ ಬೋರು ಶುದ್ಧವಾಗಿತ್ತು, ದೂರದ ಕೆಂಪಮ್ಮನ ಬೋರು ಕೆಟ್ಟಿತ್ತು. ನಮ್ಮ ಕಡೆಯ ಗಟ್ಟಿ ಕಲ್ಲಿನಡಿ ನೀರು ಬಿರುಕು ಹಿಡಿದು ಹೋಗುತ್ತದೆ. ಹತ್ತಿರ, ದೂರ ಎಂಬ ನಮ್ಮ ಲೆಕ್ಕ ಅದಕ್ಕಿಲ್ಲ.

"ದಿನಾ ಬೆಳಗ್ಗೆ ಟ್ಯಾಂಕಿಗೆ ಅಳತೆ ಕೋಲು ಬಿಟ್ಟು ನೋಡ್ತೀನಿ ಮೇಡಂ. ವ್ಯತ್ಯಾಸಾನೇ ಬಂದಿಲ್ಲ" ಎಂದರು ಬಂಕಿನ ಮಾಲೀಕರು. ಅವರೇನೂ ಸುಳ್ಳು ಹೇಳುತ್ತಿರಲಿಲ್ಲ. ಬಿಸಿಲಿಗೆ ಹಿಗ್ಗುವ, ಆವಿಯಾಗುವ ಎಣ್ಣೆಯಲ್ಲಿ ತೊಟ್ಟಿಕ್ಕುವ ಸೋರಿಕೆ ಕೋಲಿಗೆ ಕಾಣುವುದಿಲ್ಲ. ಒತ್ತಡ ಹಾಕಿ ಪರೀಕ್ಷಿಸಿದಾಗ ಟ್ಯಾಂಕಿನಿಂದ ಹೊರಡುವ ಪೈಪಿನ ಜಾಯಿಂಟು ಸಿಕ್ಕಿಬಿತ್ತು. ಆ ಟ್ಯಾಂಕನ್ನು ಬಂದ್ ಮಾಡಿಸಿದೆವು. ನಿಯಮದಂತೆ ಕೆಂಪಮ್ಮನ ಬೋರಿಗೆ ಫಲಕ ಹಾಕಿಸಿ, ಕೆಂಪಕ್ಷರದಲ್ಲಿ "ಈ ನೀರು ಕುಡಿಯಲು ಯೋಗ್ಯವಲ್ಲ" ಎಂದು ಬರೆಸಿದೆವು. ಕುಡಿಯಲು ಪಂಚಾಯ್ತಿ ನಲ್ಲಿ ಇತ್ತು, ದಿನ ಬಿಟ್ಟು ದಿನ ಕುಡಿಯುವಷ್ಟು ನೀರು ಬರುತ್ತಿತ್ತು. ಮಗಳು ಬರುವುದರೊಳಗೆ ಕೆಲಸ ಮುಗಿಯಿತೆಂದು ನನಗೆ ಸಮಾಧಾನವಾಗಿತ್ತು.

ಎರಡು ತಿಂಗಳ ನಂತರ ಮತ್ತೆ ಮಾದರಿ ತೆಗೆಯಲು ಹೋದಾಗ ಕೆಂಪಮ್ಮನ ಮಗಳು ಸವಿತಾಳಿಗೆ ಹೆರಿಗೆಯಾಗಿತ್ತು, ಹೆಣ್ಣು ಮಗು. ನಡುಮನೆಯಲ್ಲಿ ತಲೆಗೆ ಬಟ್ಟೆ ಬಿಗಿದುಕೊಂಡು ಮಲಗಿದ್ದಳು. "ನೀರು ಹಾಕ್ಕಂಡು ಬಂದೇಟ್ಗೆ ತಲೆ ಸಿಡೀತದೆ ಅಂತಾಳೆ. ಕೂಸೂ ಒಂದೇ ಸಮನೆ ಅಳ್ತದೆ. ದಿಷ್ಟಿ ಆಗೈತೆ" ಎಂದರು ಕೆಂಪಮ್ಮ.

ಯಾವ ನೀರು ಹಾಕುತ್ತೀರಿ ಎಂದು ಕೇಳಿದೆ. ಬಚ್ಚಲಿಗೇ ಕರೆದುಕೊಂಡು ಹೋದರು. ನನ್ನ ಸಹಾಯಕ ಗಂಡಸಾದ್ದರಿಂದ ಜಗಲಿಯಲ್ಲೇ ಉಳಿದ. ಬಾಣಂತಿಗೆ ಗಾಳಿ ಸೋಕಬಾರದೆಂದು ಕಿಂಡಿಗೆ ಗೋಣಿಚೀಲ ತುರುಕಿದ್ದರು. ಒಲೆಯ ಮೇಲೆ ದೊಡ್ಡ ತಾಮ್ರದ ಹಂಡೆ, ಮೂಲೆಯಲ್ಲಿ ಸಾಂಬ್ರಾಣಿಯ ಕೆಂಡ. ನನಗೂ ನಮ್ಮಮ್ಮ ಹೀಗೆಯೇ ನೀರು ಹಾಕಿದ್ದರು. ಹೊಗೆಯ ಕೆಂಡವನ್ನು ಹೊರಗಿಡಿಸಿ, ಬಾಗಿಲು ಮುಚ್ಚಿ, ಕುದಿಯುವ ನೀರನ್ನು ನೆಲಕ್ಕೆ ಹುಯ್ದೆ. ಹಬೆಯ ಜೊತೆ ಪೆಟ್ರೋಲ್ ಎದ್ದಿತು. ಕೆಂಪಮ್ಮ ಸೆರಗಿನಿಂದ ಮೂಗು ಮುಚ್ಚಿಕೊಂಡರು. ಸೌದೆಯ ಹೊಗೆ, ಸಾಂಬ್ರಾಣಿ ಸೇರಿ ಇಷ್ಟು ದಿನ ಆ ವಾಸನೆಯನ್ನು ಮರೆಮಾಡಿದ್ದವು.

ಕಾಯಿಸಿದರೆ ನೀರಿನ ದೋಷ ಹೋಗುತ್ತದೆಂಬುದು ನಮ್ಮೆಲ್ಲರ ನಂಬಿಕೆ. ರೋಗಾಣುವಿನ ವಿಷಯದಲ್ಲಿ ಅದು ಸರಿ. ಆದರೆ ಪೆಟ್ರೋಲು ಕಾದ ನೀರಿನಿಂದ ಎದ್ದು, ಮುಚ್ಚಿದ ಬಚ್ಚಲಲ್ಲಿ ತಾಯಿ ಮಗುವಿನ ಉಸಿರಿಗೆ ಹೋಗುತ್ತದೆ. ಇದನ್ನು ಹೇಳಿ ಮುಗಿಸಿದಾಗ ಕೆಂಪಮ್ಮ ಅಳಲಿಲ್ಲ, ನನ್ನನ್ನೇ ನೋಡಿದರು.

"ಕುಡೀಬ್ಯಾಡಿ ಅಂತ ಬರ್ಸಿದ್ರಿ. ಒಂದು ತೊಟ್ಟೂ ಕುಡೀಲಿಲ್ಲ. ಬಾಣ್ತಿಗೆ ಹಾಕ್ಬ್ಯಾಡಿ ಅಂತ ಎಲ್ಲಿ ಬರ್ಸಿದ್ರಿ?"

ಎಲ್ಲೂ ಬರೆಸಿರಲಿಲ್ಲ. ಆ ಫಲಕದ ಮಾತನ್ನು ಯಾರು ರೂಪಿಸಿದ್ದರೋ, ಅವರು ಬಾಣಂತಿಗೆ ಒಮ್ಮೆಯೂ ನೀರು ಹಾಕಿದವರಲ್ಲ ಎಂದು ಸಿಟ್ಟು ಬಂತು.

ತಾಯಿ ಮಗುವನ್ನು ನಮ್ಮ ಜೀಪಿನಲ್ಲೇ ಎಚ್.ಡಿ. ಕೋಟೆಯ ಆಸ್ಪತ್ರೆಗೆ ಕಳಿಸಿ, ನಾನು ಬಂಕಿಗೆ ಹೋದೆ. ಆ ಮನೆಗೆ ಸ್ನಾನದ ನೀರನ್ನು ನೀವೇ ಒದಗಿಸಬೇಕು ಎಂದೆ. ಅದಕ್ಕೆ ಆದೇಶ ಎಲ್ಲಿದೆ ಎಂದು ಮಾಲೀಕರು ಕೇಳುತ್ತಿದ್ದರು. ಅಷ್ಟರಲ್ಲಿ ಕೆಂಪಮ್ಮ ಪಕ್ಕದ ಮನೆಯಾಕೆಯೊಡನೆ ಆ ತಾಮ್ರದ ಹಂಡೆಯನ್ನು ಹೊತ್ತು ತಂದು, ಬೈಕುಗಳ ಸಾಲಿನ ಮುಂದೆ, ಪೆಟ್ರೋಲ್ ಹಾಕುವ ಪಂಪಿನ ಬುಡದಲ್ಲೇ ಇಳಿಸಿದರು.

"ನಿಮ್ ಎಣ್ಣೆ ನಮ್ಮನೆಗೆ ಬಂದೈತೆ. ನೀರು ತುಂಬ್ಸಿ ಕೊಡಿ, ಹೋಯ್ತೀನಿ."

ಸಾಲಿನಲ್ಲಿದ್ದವರು ನಗಲಿಲ್ಲ. ಯಾರೋ ಗಾಡಿ ತಿರುಗಿಸಿಕೊಂಡು ಹೋದರು, ಅವರ ಹಿಂದೆ ಇನ್ನೊಬ್ಬರು. ಆ ಸಂಜೆಯಿಂದಲೇ ಗೂಡ್ಸ್ ಆಟೋದಲ್ಲಿ ಡ್ರಮ್ಮುಗಟ್ಟಲೆ ಒಳ್ಳೆಯ ನೀರು ಬರತೊಡಗಿತು. ಡಾಕ್ಟರು ಇಬ್ಬರನ್ನೂ ನೋಡಿ, ಸದ್ಯಕ್ಕೆ ತೊಂದರೆಯಿಲ್ಲ, ಆ ನೀರು ಮಾತ್ರ ಬೇಡ ಎಂದರು. ವಾರದೊಳಗೆ ಸವಿತಾಳ ತಲೆನೋವು ನಿಂತಿತು. ಫಲಕಕ್ಕೆ "ಸ್ನಾನಕ್ಕೂ ಬೇಡ, ಬಾಣಂತಿ ಮಗುವಿಗಂತೂ ಬೇಡ" ಎಂದು ಸೇರಿಸಿದೆ. ಯಾವ ನಿಯಮದಡಿ ಎಂದು ಮೇಲಧಿಕಾರಿಗಳು ಕಾರಣ ಕೇಳಿದರು. ಬಚ್ಚಲಿಗೆ ಬಂದು ನೋಡಿ ಎಂದು ಉತ್ತರ ಬರೆದೆ. ಯಾರೂ ಬರಲಿಲ್ಲ, ಅಕ್ಷರವನ್ನೂ ಅಳಿಸಲಿಲ್ಲ.

ಬೇರೆಯವರ ಮನೆಗೆ ನೀರಿನ ಪರೀಕ್ಷೆಗೆ ಹೋದಾಗ ಬಾಟಲಿ ತೆಗೆಯುವ ಮೊದಲು, ಈ ನೀರನ್ನು ಯಾವುದಕ್ಕೆಲ್ಲ ಬಳಸುತ್ತೀರಿ ಎಂದು ಹೆಂಗಸರನ್ನು ಕೇಳುವುದನ್ನು ಅಲ್ಲಿಂದ ಕಲಿತೆ. ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎನ್ನುವ ಇನ್ನೊಂದು ಪಾಠ ಕಲಿಯಲು ಕಷ್ಟವಾಯಿತು. ಸವಿತಾ ಮಗು ಎತ್ತಿಕೊಂಡು ಪಿರಿಯಾಪಟ್ಟಣದ ಗಂಡನ ಮನೆಗೆ ಹೊರಟ ದಿನ ಕೆಂಪಮ್ಮ ನನ್ನನ್ನು ಕೇಳಿದರು:

"ಇವ್ಳ ಎರಡ್ನೇ ಹೆರಿಗೆ ಹೊತ್ಗಾದ್ರೂ ನಮ್ಮ ಬೋರು ಸರಿಯಾಯ್ತದಾ ಮೇಡಮ್ಮೋರೆ?"

ಟ್ಯಾಂಕನ್ನು ಅಗೆದು ತೆಗೆಯಬಹುದು. ಕಲ್ಲಿನ ಬಿರುಕಿಗೆ ಇಳಿದದ್ದನ್ನು ತೆಗೆಯಲು ವರ್ಷಗಳು ಬೇಕು, ಎಷ್ಟು ವರ್ಷ ಎಂದು ಯಾವ ಲ್ಯಾಬೂ ಹೇಳಲಾರದು. "ಗೊತ್ತಿಲ್ಲ ಕೆಂಪಮ್ಮ" ಎಂದೆ. ಅವರು ಮೊಮ್ಮಗಳ ಟೋಪಿ ಸರಿಮಾಡಿ, ಬಸ್ಸು ಹತ್ತಿಸಲು ಹೋದರು. ನಾನು ನಿವೃತ್ತಳಾದ ದಿನಕ್ಕೂ ಆ ಬೋರಿನ ಮೇಲೆ ಕೆಂಪಕ್ಷರದ ಫಲಕ ಹಾಗೆಯೇ ಇತ್ತು.