ಮೇಲಂತಸ್ತಿಗೆ ಏರಿದ ಮಗ್ಗ

ಸೇಲಂನ ಗುಗೈ ಬೀದಿಗಳಲ್ಲಿ ಪೂಂಗೊಡಿಯನ್ನು ಯಾರಾದರೂ "ನಿಮ್ಮನೆ ಎಲ್ಲಿ?" ಎಂದು ಕೇಳಿದರೆ ಅವಳ ಬಾಯಲ್ಲಿ ಬರುತ್ತಿದ್ದದ್ದು ಬೇರೆಯವರ ಹೆಸರು. ಮದುವೆಯಾದ ಹೊಸದರಲ್ಲಿ "ರೈಸ್ ಮಿಲ್ಲವ್ರ ಮನೆ ಹಿಂದ್ಗಡೆ" ಅನ್ನುತ್ತಿದ್ದಳು. ಆಮೇಲೆ "ಸ್ಕೂಲ್ ವಾದ್ಯಾರ್ ಮನೆ ಪಕ್ಕದ ಪೋರ್ಷನ್ನು" ಆಯಿತು. ಅದೂ ಹೋಗಿ ಇನ್ನೊಬ್ಬರ ಹೆಸರು ಬಂತು. ಮಗ ಹುಟ್ಟಿ, ಬೆಳೆದು, ಜಂಕ್ಷನ್ ಹತ್ತಿರ ಮೊಬೈಲ್ ರಿಪೇರಿ ಅಂಗಡಿ ಇಟ್ಟ ಮೇಲೂ ಅವಳ ವಿಳಾಸ ಅವಳದಾಗಲಿಲ್ಲ.

ಬಾಡಿಗೆ ಮನೆ ಯಾರಿಗಿಲ್ಲ, ಅದೊಂದು ದೊಡ್ಡ ಕಷ್ಟವೇ ಅನ್ನಬೇಡಿ. ನೇಕಾರರ ಬಾಡಿಗೆ ಮನೆಯ ಪಾಡೇ ಬೇರೆ. ಅವಳ ಗಂಡ ಸುಬ್ಬರಾಯನ್‌ನದು ಗುಂಡಿ ಮಗ್ಗ. ನೆಲ ಅಗೆದು ಗುಂಡಿ ತೋಡಬೇಕು, ಅದರ ಅಂಚಿನಲ್ಲಿ ಕೂತು ಕಾಲು ಒಳಗೆ ಇಳಿಬಿಡಬೇಕು, ತಳದಲ್ಲಿರುವ ಹಲಗೆ ತುಳಿಯುತ್ತ ರೇಷ್ಮೆ ಸೀರೆ ನೇಯಬೇಕು. ಹೊಸ ಮನೆಗೆ ಹೋದರೆ ಒಲೆಗಿಂತ ಮೊದಲು ಗುದ್ದಲಿಗೆ ಕೆಲಸ. ಮನೆ ಬಿಡುವಾಗ ಓನರ್ ಎದುರಿಗೆ ಗುಂಡಿ ಮುಚ್ಚಿ, ನೆಲ ಸಮ ಮಾಡಿ, ಮೇಲೆ ಸಿಮೆಂಟು ಬಳಿದು ಕೊಡಬೇಕು. ಇಲ್ಲದಿದ್ದರೆ ಅಡ್ವಾನ್ಸು ವಾಪಸಿಲ್ಲ. ಹಾಗೆ ಮಣ್ಣು ಎಳೆಯುವ ದಿನ ಸುಬ್ಬರಾಯನ್ ಯಾರೊಂದಿಗೂ ಮಾತಾಡುತ್ತಿರಲಿಲ್ಲ, ಊಟಕ್ಕೂ ಏಳುತ್ತಿರಲಿಲ್ಲ. ನಿನ್ನೆ ತನಕ ಕೂತು ನೇಯ್ದ ಜಾಗವನ್ನು ತಾನೇ ಮುಚ್ಚುವುದೆಂದರೆ ಯಾರಿಗೆ ತಾನೇ ಅನ್ನ ಇಳಿದೀತು? ಅದನ್ನು ನೋಡಿ ನೋಡಿ ಪೂಂಗೊಡಿಗೆ ಸಾಕಾಗಿತ್ತು. ಇನ್ನೊಂದು ಸಲ ಈ ಮನುಷ್ಯನ ಕೈಯಲ್ಲಿ ಗುಂಡಿ ಮುಚ್ಚಿಸಬಾರದು ಎಂದು ಅವಳು ಚೌಡೇಶ್ವರಿ ಗುಡಿಯಲ್ಲಿ ಕರ್ಪೂರದ ಮುಂದೆ ನಿಂತು ಹೇಳಿಕೊಂಡಿದ್ದಳು.

ಮಗ ಸೆಂದಿಲ್‌ಕುಮಾರ್‌ಗೂ ಸ್ವಂತ ಮನೆಯ ಆಸೆ ಇತ್ತು. ಆದರೆ ಅವನ ಕಣ್ಣು ಓಮಲೂರು ರೋಡಿನ ಆಚೆಯ ಸೈಟುಗಳ ಮೇಲೆ. ಅಗಲವಾದ ಜಾಗ, ಒಳ್ಳೆ ಗಾಳಿ, ಬೇಕಾದಷ್ಟು ನೆಲ.

"ಅಲ್ಲಿ ನಾಕು ಗುಂಡಿ ತೋಡ್ಕೊಳ್ಳಿ, ಯಾರ್ ಬ್ಯಾಡ ಅಂತಾರೆ?" ಎಂದ.

"ತೋಡ್ಕೊಂಡು? ಒಂದು ಕಟ್ಟು ಕರಿಬೇವಿಗೆ ಬಸ್ ಕಾಯ್ಬೇಕಾ? ಇಲ್ಲಿ ನಾನು ಚಪ್ಪಲಿ ಮೆಟ್ದೇನೇ ಓಗಿ ಬಜ್ಜಿ ತರ್ತೀನಿ. ಗುಡಿ ಐತೆ, ಡಾಕ್ಟರ್ ಅವ್ರೆ, ನಿಮ್ಮಪ್ಪಂಗೆ ರೇಷ್ಮೆ ಕೊಡೋ ಅಂಗಡಿ ಐತೆ, ಎಲ್ಲಾ ಕೂಗಿದ್ರೆ ಕೇಳೋ ದೂರ. ನಿಮ್ಮಪ್ಪನ ಮೊಣಕಾಲಿಗೆ ಬಸ್ ಮೆಟ್ಟಿಲು ಆಗ್ತೈತಾ? ಈ ಬೀದಿ ಬಿಟ್ಟು ನಾನು ಬರಲ್ಲ, ಓಗೋ."

ಆ ಮಾತಿನಲ್ಲಿ ಸುಳ್ಳಿರಲಿಲ್ಲ. ಸುಬ್ಬರಾಯನ್‌ನ ಮೊಣಕಾಲು ಬರಬರುತ್ತ ಹಟ ಹಿಡಿದಿತ್ತು. ಗುಂಡಿಯಿಂದ ಮೇಲೇಳಲು ಅವನು ತೊಲೆಗೆ ಒಂದು ಹಗ್ಗ ಕಟ್ಟಿಕೊಂಡಿದ್ದ. ಹಗ್ಗ ಜಗ್ಗಿ, "ಅಮ್ಮಾ ತಾಯಿ" ಎಂದು ನರಳಿ, ಮೇಲೆದ್ದು ಬರುತ್ತಿದ್ದ. ಆದರೆ ಬೀದಿಯಲ್ಲಿ ಮಾತ್ರ ಟೀ ಅಂಗಡಿಗೂ ಗುಡಿಗೂ ನಿಧಾನವಾಗಿ, ಸಿಕ್ಕವರನ್ನೆಲ್ಲ ಮಾತಾಡಿಸುತ್ತ ನಡೆದೇ ಹೋಗುತ್ತಿದ್ದ.

ಅಷ್ಟರಲ್ಲಿ ಅದೇ ಬೀದಿಯ ಮೂಲೆಯ ಹಳೆಯ ಗೋಡೌನು ಕೆಡವಿ ಶಿವರಾಮನ್ ಎಂಬ ಮೇಸ್ತ್ರಿ ಅಪಾರ್ಟ್‌ಮೆಂಟು ಎಬ್ಬಿಸಿದ. ಕೆಳಗೆ ಗಾಡಿ ನಿಲ್ಲಿಸುವ ಜಾಗ, ಮೇಲೆ ಮೂರು ಅಂತಸ್ತು ಮನೆಗಳು, ಮೆಟ್ಟಿಲು ಹತ್ತಲಾರದವರಿಗೆ ಒಂದು ಲಿಫ್ಟು. ಎರಡನೇ ಅಂತಸ್ತಿನಲ್ಲಿ ಒಂದು ಮನೆ ಉಳಿದಿದೆ ಎಂದು ಸುದ್ದಿ ಬಂದದ್ದೇ ತಡ, ಪೂಂಗೊಡಿ ಕೈಯಲ್ಲಿದ್ದ ಸೌಟು ಅಲ್ಲೇ ಬಿಟ್ಟು ಓಡಿದಳು. ಹಾಲ್‌ನಲ್ಲಿ ನಿಂತು ಕೈ ಚಾಚಿ ಅಳೆದಳು. ಮಗ್ಗದ ಉದ್ದ ಕೂರುತ್ತದೆ, ಅಗಲ ಕೂರುತ್ತದೆ, ನೂಲು ಸುತ್ತುವ ರಾಟೆಗೂ ಮೂಲೆ ಇದೆ. ಕಿಟಕಿಯ ಬೆಳಕು ನೇಯುವವನ ಎಡಗಡೆಯಿಂದ ಬೀಳುತ್ತದೆ. ಬಾಲ್ಕನಿಯಲ್ಲಿ ನಿಂತರೆ ಇಡೀ ಬೀದಿ ಕಾಣುತ್ತದೆ, ಗುಡಿಯ ಗಂಟೆ ಕೇಳುತ್ತದೆ. ಚೀಟಿ ಎತ್ತಿದ ದುಡ್ಡು, ಮಗನ ಹೆಸರಿನ ಬ್ಯಾಂಕ್ ಲೋನು ಎರಡನ್ನೂ ನೆಚ್ಚಿಕೊಂಡು ಅವತ್ತೇ ಅಡ್ವಾನ್ಸು ಕೊಟ್ಟುಬಂದಳು. ಮಗನನ್ನು ಒಪ್ಪಿಸಲು ಅವಳಿಗೆ ಒಂದು ಸಂಜೆ ಸಾಕಾಯಿತು.

ಗಂಡನ ಮುಂದೆ ಉಬ್ಬಿ ಉಬ್ಬಿ ಹೇಳಿದಳು. ಬೆಳಕು ಹೀಗೆ, ಗಾಳಿ ಹಾಗೆ, ಮಗ್ಗ ಇಲ್ಲಿ, ರಾಟೆ ಅಲ್ಲಿ. ಸುಬ್ಬರಾಯನ್ ಎಲ್ಲ ಕೇಳಿಸಿಕೊಂಡು, ಬಾಯೊಳಗಿನ ಎಲೆಅಡಿಕೆ ಉಗಿದು ಬಂದು ಕೂತ.

"ಎಲ್ಲಾ ಸರಿ. ಗುಂಡಿ ಎಲ್ಲಿ ತೋಡ್ತೀಯ?"

ಪೂಂಗೊಡಿ ಕಾಲ ಕೆಳಗಿನ ನೆಲ ನೋಡಿದಳು. ಅವಳ ವಂಶದಲ್ಲಾಗಲಿ ಅವನ ವಂಶದಲ್ಲಾಗಲಿ ನೆಲ ಬಿಟ್ಟು ಮೇಲೆ ಬದುಕಿದವರೇ ಇರಲಿಲ್ಲ. ಮನೆಯೆಂದರೆ ಕೆಳಗೆ ಮಣ್ಣು ಇದ್ದೇ ಇರುತ್ತದೆ ಎಂಬುದು ಅವಳಿಗೆ ಉಸಿರಾಟದಷ್ಟೇ ಸಹಜ. ಉದ್ದ ಅಳೆದಿದ್ದಳು, ಅಗಲ ಅಳೆದಿದ್ದಳು, ಬೆಳಕು ನೋಡಿದ್ದಳು. ಕೆಳಗೆ ಇನ್ನೊಬ್ಬರ ಮನೆ ಇದೆ ಎಂಬುದು ಮಾತ್ರ ತಲೆಗೆ ಹೊಳೆದಿರಲಿಲ್ಲ.

"ಅಯ್ಯೋ ಅಮ್ಮಾ!" ಸೆಂದಿಲ್ ಹೊಟ್ಟೆ ಹಿಡಿದುಕೊಂಡು ನಕ್ಕ. "ಕೆಳಗಡೆ ಮನೆಯವ್ರ ತಲೆ ಮ್ಯಾಲೆ ಅಪ್ಪ ಕಾಲು ಇಳಿಬಿಟ್ಕೊಂಡು ನೇಯ್ಬೇಕಾ?"

"ನಗಬೇಡ ಲೇ," ಎಂದ ಸುಬ್ಬರಾಯನ್, ತಾನು ಮಾತ್ರ ನಗದೆ. "ನನ್ನ ಮಗ್ಗ ಏರದೇ ಇರೋ ಮನೆಗೆ ನಾನೂ ಏರಲ್ಲ. ಅಷ್ಟೇ."

ಸುಬ್ಬರಾಯನ್ 'ಅಷ್ಟೇ' ಅಂದರೆ ಮುಗಿಯಿತು. ಬೀದಿಗೆಲ್ಲ ಗೊತ್ತಿದ್ದ ವಿಷಯ ಅದು. ಮಾರನೇ ದಿನ ಶಿವರಾಮನ್ ಬಾಗಿಲಿಗೇ ಬಂದ. "ಅಕ್ಕಾ, ವೇಣುಮಾ ವೇಂಡಾಮಾ? ಬೇಕೋ ಬ್ಯಾಡ್ವೋ ಶುಕ್ರವಾರದೊಳಗೆ ಒಂದ್ಮಾತು ಏಳ್ಬಿಡಿ. ತಗೊಳ್ಳೋರು ಕಾಯ್ತಾವ್ರೆ. ಅಡ್ವಾನ್ಸು ವಾಪಸ್ ಕೊಡ್ತೀನಿ, ಅದರ ಬಗ್ಗೆ ಚಿಂತೆ ಬ್ಯಾಡ." ಒಳ್ಳೆಯ ಮನುಷ್ಯ, ಪಾಪ. ಆದರೆ ಆ ಒಳ್ಳೆಯತನವೇ ಪೂಂಗೊಡಿಗೆ ಚುಚ್ಚಿತು. ಮನೆ ಬಿಟ್ಟುಕೊಟ್ಟರೆ ಮತ್ತೆ ಬಾಡಿಗೆ, ಮತ್ತೆ ಗುದ್ದಲಿ. ಉಳಿಸಿಕೊಂಡರೆ ಮಗ್ಗ ಬೀದಿಗೆ. ಅವಳಿಗೆ ಎರಡೂ ಬೇಕಾಗಿತ್ತು. ಒಂದನ್ನು ಕೊಟ್ಟು ಇನ್ನೊಂದನ್ನು ತಗೊಳ್ಳುವ ವ್ಯಾಪಾರ ಅವಳಿಗೆ ಒಗ್ಗಲಿಲ್ಲ.

ಆ ಬೇಸರದಲ್ಲೇ ಹೊಲಿಯಲು ಕೊಟ್ಟಿದ್ದ ರವಿಕೆ ತರಲು ಟೈಲರ್ ಕಲೈವಾಣಿಯ ಅಂಗಡಿಗೆ ಹೋದಳು. ಕಲೈವಾಣಿ ಹುಕ್ಕು ಹಾಕುವುದೊಂದು ಬಾಕಿ ಎಂದು ಕೂರಿಸಿ ಇನ್ಯಾರದೋ ಬಟ್ಟೆಯ ಮೇಲೆ ಮಿಷನ್ ಓಡಿಸುತ್ತಿದ್ದಳು. ಟೈಲರುಗಳ ಬುದ್ಧಿ ನಿಮಗೆ ಗೊತ್ತೇ ಇದೆ. ಪೂಂಗೊಡಿ ಬೇರೇನೂ ತೋಚದೆ ಅವಳ ಕಾಲನ್ನೇ ನೋಡುತ್ತ ಕೂತಳು. ಸ್ಟೂಲಿನ ಮೇಲೆ ಕಲೈವಾಣಿ, ಕೆಳಗೆ ತುಳಿಯುವ ಹಲಗೆ, ಅದರ ಕೆಳಗೆ ಗಟ್ಟಿ ನೆಲ. ಕಾಲು ಆಡುತ್ತಲೇ ಇದೆ. ಗುಂಡಿ ಎಲ್ಲಿದೆ?

"ಅಯ್ಯೋ ನನ್ನ ಮಂಡೆಗೆ!" ಎಂದು ಹಣೆ ಚಚ್ಚಿಕೊಂಡು ಎದ್ದು ನಿಂತಳು. "ಕಾಲು ಕೆಳಗೆ ಓಗೋಕೆ ಜಾಗ ಇಲ್ದಿದ್ರೆ ಕೂರೋನು ಮ್ಯಾಲೆ ಏರ್ಬೇಕು, ಅಲ್ವಾ ಕಲೈವಾಣೀ?"

"ಯಾರು ಏರ್ಬೇಕು? ಏನಾಯ್ತಕ್ಕಾ?"

ಉತ್ತರ ಹೇಳುವ ಪುರುಸೊತ್ತು ಯಾರಿಗಿತ್ತು? ರವಿಕೆಯನ್ನೂ ಬಿಟ್ಟು, ಮೂರು ಅಂಗಡಿ ಆಚೆಗಿದ್ದ ಬಡಗಿ ಲಕ್ಷ್ಮಣನ್ ಮುಂದೆ ಹೋಗಿ ನಿಂತಳು. ಮಗ್ಗದ ಕಂಬಗಳಿಗೆ ಉದ್ದ ಕೊಟ್ಟು ಇಡೀ ಮಗ್ಗವನ್ನೇ ಮೇಲೆತ್ತಿದರೆ, ನೇಯುವವನಿಗೆ ಎತ್ತರದ ಪೀಠ ಮಾಡಿದರೆ ಆಗುತ್ತದೋ ಇಲ್ಲವೋ? ಲಕ್ಷ್ಮಣನ್ ಕಿವಿಯ ಪೆನ್ಸಿಲು ತೆಗೆದು ತಲೆ ಕೆರೆದುಕೊಂಡ. ಬೇರೆ ಕಡೆ ಅಂಥ ಮಗ್ಗ ಕಂಡದ್ದುಂಟು, ಮಾಡಬಹುದು ಎಂದ. "ಆದ್ರೆ ಅಣ್ಣ ಕೂರ್ತಾರಾ? ಅದೇಳಿ ಮೊದ್ಲು."

ಅದೇ ದೊಡ್ಡ ಪ್ರಶ್ನೆ. ಹೇಳಿದರೆ ಕೇಳುವ ಆಸಾಮಿಯಲ್ಲ. ಅದಕ್ಕೇ ಪೂಂಗೊಡಿ ಹೇಳಲಿಲ್ಲ. ಲಕ್ಷ್ಮಣನ್ ಹಳೆಯ ಹಲಗೆಗಳಲ್ಲೇ ಒಂದು ಪೀಠವನ್ನೂ ತುಳಿಯುವ ಹಲಗೆಯ ಜೋಡಿಯನ್ನೂ ತನ್ನ ಅಂಗಡಿಯಲ್ಲಿ ನಿಲ್ಲಿಸಿದ. ಗುರುವಾರ ಸಂಜೆ ಟೀಗೆ ಹೊರಟ ಗಂಡನನ್ನು ಅವಳು ಅಲ್ಲಿಗೆ ತಿರುಗಿಸಿಕೊಂಡು ಬಂದಳು.

"ಇದೇನಿದು ಕೋಳಿ ಗೂಡು?" ಎಂದು ಸುಬ್ಬರಾಯನ್ ಮುಖ ಸಿಂಡರಿಸಿದ.

"ಬರೀ ಎತ್ತರ ನೋಡೋಕೆ ಕೂರಿ. ನೇಯಿ ಅಂದವ್ರ್ಯಾರು?"

"ಮರದ ಮ್ಯಾಲೆ ಕೂತು ನೇಯೋಕೆ ನಾನೇನು ಕೋತಿನಾ?" ಎಂದು ಬೈಯುತ್ತಲೇ ಕೂತ. ಹಲಗೆ ಒತ್ತಿದ. ಎಡಗಾಲು, ಬಲಗಾಲು. ಇನ್ನೊಂದು ಸಲ ಒತ್ತಿದ. "ಇದು ಬಿಗಿ ಐತೆ. ಇದು ಸಡಿಲ. ಎಂಥಾ ಕೆಲಸ ಮಾಡಿದ್ದೀಯಾ ಲಕ್ಷ್ಮಣಾ, ಥೂ," ಎಂದು ಬಡಗಿಗೆ ತಪ್ಪು ತೋರಿಸಲು ಎದ್ದು ನಿಂತ.

ಎದ್ದು ನಿಂತ! ಹಗ್ಗ ಇಲ್ಲ, ನರಳಾಟ ಇಲ್ಲ. ಕುರ್ಚಿಯಿಂದ ಏಳುವವರಂತೆ ಸುಮ್ಮನೆ ಎದ್ದು ನಿಂತಿದ್ದ. ಅವನಿಗೇ ಅದರ ಅರಿವಿರಲಿಲ್ಲ, ಬಡಗಿಯನ್ನು ಬೈಯುವುದರಲ್ಲಿ ಮುಳುಗಿದ್ದ. ಪೂಂಗೊಡಿಯ ಕಣ್ಣು ತುಂಬಿ ಬಂತು.

"ಏನ್ರೀ, ಇಲ್ನೋಡಿ," ಎಂದಳು. "ನೀವು ಎದ್ದಿದ್ದೀರಾ."

ಸುಬ್ಬರಾಯನ್ ಅವಳ ಕಡೆ ತಿರುಗಿದ. ತನ್ನ ಕಾಲು ನೋಡಿಕೊಂಡ, ಮೇಲೆ ಹಗ್ಗ ಇದೆಯೇ ಎಂಬಂತೆ ಸೂರು ನೋಡಿದ. ಮತ್ತೆ ಕೂತ, ಮತ್ತೆ ಎದ್ದ. ಇನ್ನೊಂದು ಸಲ ಕೂತು ಎದ್ದ. ಎದುರಿನ ಟೀ ಅಂಗಡಿಯವರೆಲ್ಲ ಗ್ಲಾಸು ಹಿಡಿದು ನೋಡುತ್ತಿದ್ದರು. ಅವನಿಗೆ ನಾಚಿಕೆಯೂ ಆಯಿತು, ನಗುವೂ ಬಂತು.

"ಬಿಗಿ ಮಾತ್ರ ಸರಿ ಮಾಡು ಲಕ್ಷ್ಮಣಾ," ಎಂದ ಕೊನೆಗೆ. "ಮನೆ ಕಿಟಕಿ ಎಷ್ಟು ಎತ್ತರ ಐತೆ ಅಂತ ನಿಮ್ಮಕ್ಕನ್ನ ಕೇಳ್ಕೋ. ಬೆಳಕು ಸೀರೆ ಮ್ಯಾಲೆ ಬೀಳ್ಬೇಕು. ಅಷ್ಟೇ."

ಅವತ್ತಿನ 'ಅಷ್ಟೇ' ಬೇರೆ ಥರದ್ದು. ಶುಕ್ರವಾರ ಬೆಳಿಗ್ಗೆ ಪೂಂಗೊಡಿ ಹೂ ಮುಡಿದುಕೊಂಡು ಹೋಗಿ ಶಿವರಾಮನ್‌ಗೆ "ವೇಣುಂ, ಬೇಕೇ ಬೇಕು" ಎಂದು ಬೀದಿಗೆಲ್ಲ ಕೇಳುವಂತೆ ಹೇಳಿದಳು.

ಕೆಳಗಿನ ಅಂತಸ್ತಿನ ವಳ್ಳಿಯಮ್ಮನ ಅನುಮತಿಯೊಂದು ಬಾಕಿ ಇತ್ತು. ಮಗ್ಗದ ಸದ್ದು ತಲೆ ಮೇಲೆ ಬಿದ್ದರೆ ಯಾರು ಸುಮ್ಮನಿರುತ್ತಾರೆ? ಮಗ್ಗದ ಕಾಲುಗಳ ಕೆಳಗೆ ದಪ್ಪ ರಬ್ಬರ್ ಹಾಕುತ್ತೇವೆ ಎಂದು ಪೂಂಗೊಡಿ ಅಳುಕುತ್ತ ಹೇಳಿದಳು. ಆ ಮುದುಕಿ ಕೈ ಬೀಸಿದಳು. "ನಾನೂ ಇದೇ ಬೀದೀಲಿ ಹುಟ್ದೋಳು ಕಣೇ. ಮಧ್ಯಾಹ್ನ ಮಲಗೋ ಹೊತ್ತೊಂದು ಬಿಡಿ, ಸಾಕು."

ಬಾಡಿಗೆ ಮನೆ ಬಿಡುವ ದಿನ ಸುಬ್ಬರಾಯನ್ ಕೊನೆಯ ಗುಂಡಿ ಮುಚ್ಚಿದ. ಅವತ್ತು ಅವನ ಬಾಯಿ ನಿಲ್ಲಲೇ ಇಲ್ಲ, ಮಣ್ಣು ಎಳೆಯುತ್ತ ಓನರ್‌ಗೆ ಹೊಸ ಮನೆಯ ಕಿಟಕಿಯ ವರ್ಣನೆ ಮಾಡಿದ. ಮುಗಿಸಿ ಮೂರು ಸಲ ಸಾರು ಹಾಕಿಸಿಕೊಂಡು ಉಂಡ. ಹಗ್ಗವನ್ನು ಬಿಚ್ಚಿ ಮಗನ ಕೈಗೆ ಕೊಟ್ಟ. ಗುದ್ದಲಿಯನ್ನು ಮಾತ್ರ ಅಭ್ಯಾಸಬಲದಿಂದ ಸಾಮಾನಿನ ಜೊತೆ ಮೆಟ್ಟಿಲ ತನಕ ಹೊತ್ತು ತಂದಿದ್ದ. "ಯಾರ ತಲೆ ಅಗೀತೀರಾ ಅದ್ರಲ್ಲಿ?" ಎಂದು ಪೂಂಗೊಡಿ ಕಿತ್ತುಕೊಂಡು ಗುಡಿಯ ತೋಟಕ್ಕೆ ಕೊಟ್ಟುಬಂದಳು.

ಹಾಲು ಉಕ್ಕಿಸಿ, ನೆಂಟರು ಉಂಡು ಹೋದ ಮೇಲೆ, ಒಳ್ಳೆಯ ದಿನ ನೋಡಿ ಸುಬ್ಬರಾಯನ್ ಮಗ್ಗಕ್ಕೆ ಪೂಜೆ ಮಾಡಿ ಕೂತ. ಲಾಳಿ ಓಡಿತು. ಪೂಂಗೊಡಿಗೆ ಒಳಗೆ ನಿಂತು ಕೇಳಿದ್ದು ಸಾಲಲಿಲ್ಲ. ಮೆಟ್ಟಿಲಿಳಿದು ಬೀದಿಗೇ ಬಂದಳು. ಆಟೋ, ತರಕಾರಿ ಗಾಡಿ, ಸ್ಕೂಲಿನಿಂದ ಬರುವ ಮಕ್ಕಳ ಗದ್ದಲ. ಅದೆಲ್ಲದರ ಮೇಲಿಂದ ಟಕ್ ಟಕ್ ಎಂದು ಮಗ್ಗದ ಸದ್ದು. ಆ ಬೀದಿಯಲ್ಲಿ ಮಗ್ಗದ ಸದ್ದು ಹೊಸದೇನಲ್ಲ, ಆದರೆ ಇದುವರೆಗೆ ಬಂದದ್ದೆಲ್ಲ ನೆಲದೊಳಗಿಂದ. ಹೋಗುವವರು ನಿಂತು ಕತ್ತೆತ್ತಿ ನೋಡಿದರು.

ಹೂ ಮಾರುವ ತಮಿಳ್‌ಸೆಲ್ವಿ ಬುಟ್ಟಿ ಇಳಿಸಿ ಕೇಳಿದಳು. "ಇದ್ಯಾರ ಮನೆ ಮಗ್ಗಕ್ಕಾ, ಇಷ್ಟು ಎತ್ತರದಾಗೆ?"

ಪೂಂಗೊಡಿ ಬಾಯಿ ತೆರೆದಳು. ಯಾರದೋ ಹೆಸರು ಹೇಳಿ ಅಭ್ಯಾಸವಾಗಿದ್ದ ಬಾಯಿ ಒಂದು ಗಳಿಗೆ ತಡೆಯಿತು.

"ನಮ್ಮನೇದು," ಎಂದಳು.