ತೇಗದೆಲೆಯ ಬ್ಯಾರನ್

ಬಣ್ಣದ ಪೆನ್ಸಿಲ್ ಕೈಗೆ ಕೊಟ್ಟರೆ ಶಿವನಂಜಪ್ಪ ಅದನ್ನು ಮೂಸಿ ನೋಡಿ ಮಂಚದ ಕೆಳಗೆ ಇಟ್ಟ. ಜೇಡಿಮಣ್ಣು ಕೊಟ್ಟರೆ ಅದನ್ನೂ ಅಲ್ಲೇ ಇಟ್ಟ. ಚೆಂಡು ಎಸೆದರೆ ಅದು ಅವನ ಎದೆಗೆ ಬಡಿದು ಉರುಳಿಹೋಯಿತು. ಅವನು ತಿರುಗಿಯೂ ನೋಡಲಿಲ್ಲ.

ಬೆಟ್ಟದಪುರದ ಬೆಟ್ಟದ ಬುಡದಲ್ಲಿರುವ ಆ ವೃದ್ಧಾಶ್ರಮದಲ್ಲಿ ಹದಿಮೂರು ಜನ. ಅವರ ಕೈಗೊಂದು ಕೆಲಸ, ಮನಸ್ಸಿಗೊಂದಿಷ್ಟು ಗೆಲುವು ಹುಡುಕಿಕೊಡುವುದು ಸುಧಾಳ ಪಾಲಿಗೆ ಬಂದ ಉದ್ಯೋಗ. ಮೈಸೂರಿನಲ್ಲಿ ಮೂರು ದಿನ ತರಬೇತಿ ಕೊಟ್ಟು, ಬಾತುಕೋಳಿಗೆ ಬಣ್ಣ ತುಂಬುವ ಪುಸ್ತಕಗಳ ಕಟ್ಟನ್ನು ಹೊರಿಸಿ ಕಳಿಸಿದ್ದರು. ಎಂಬತ್ತು ವರ್ಷ ಮಣ್ಣಲ್ಲಿ ಬೆಂದ ಜನಕ್ಕೆ ಬಾತುಕೋಳಿ! ಆ ಪುಸ್ತಕ ಮಾಡಿಸಿದ ಪುಣ್ಯಾತ್ಮರನ್ನು ಒಂದು ಮಧ್ಯಾಹ್ನ ಇಲ್ಲಿ ತಂದು ಕೂರಿಸಬೇಕಿತ್ತು.

ಶಿವನಂಜಪ್ಪ ಮೂವತ್ತೆಂಟು ವರ್ಷ ಹೊಗೆಸೊಪ್ಪು ಹದಗೊಳಿಸುವ ಶಾಖದ ಮನೆಗೆ, ಅಂದರೆ ಬ್ಯಾರನ್ನಿಗೆ, ಬೆಂಕಿ ಹಾಕಿದವನು. ಹೊಲದಿಂದ ಹಸಿ ಸೊಪ್ಪು ಬರುತ್ತದೆ, ಹೆಂಗಸರು ಅದನ್ನು ಕಡ್ಡಿಗಳಿಗೆ ಕಟ್ಟುತ್ತಾರೆ, ಕಡ್ಡಿಗಳನ್ನು ಬ್ಯಾರನ್ನಿನೊಳಗೆ ಸಾಲಾಗಿ ಏರಿಸಿ ಬಾಗಿಲು ಹಾಕುತ್ತಾರೆ. ಅಲ್ಲಿಂದ ಮುಂದಿನದೆಲ್ಲ ಬೆಂಕಿ ಹಾಕುವವನ ಜವಾಬ್ದಾರಿ. ಹೊರಗಿನ ಒಲೆಯಲ್ಲಿ ಸೌದೆ ಉರಿಯಬೇಕು, ಶಾಖ ತಗಡಿನ ಕೊಳವೆಯಲ್ಲಿ ಒಳಗೆ ಹರಿಯಬೇಕು, ಸೊಪ್ಪು ಮೊದಲು ಹಳದಿಗೆ ತಿರುಗಿ ಆಮೇಲೆ ಒಣಗಬೇಕು. ಒಣಗಿದ ಒಂದೇ ಒಂದು ಎಲೆ ಕಳಚಿ ಕಾದ ಕೊಳವೆಯ ಮೇಲೆ ಬಿದ್ದರೆ ಸಾಕು, ಇಡೀ ಬ್ಯಾರನ್ ಭಸ್ಮ. ಸುತ್ತಲಿನ ಊರುಗಳಲ್ಲಿ ಅಂಥ ಬ್ಯಾರನ್ನುಗಳು ಎಷ್ಟೋ ಸುಟ್ಟುಹೋದವು. ಶಿವನಂಜಪ್ಪ ಕಾವಲು ಕೂತ ಒಂದೂ ಸುಡಲಿಲ್ಲ. ಹುಣಸೂರಿನ ಕಡೆಯಿಂದಲೂ ಅವನನ್ನು ಹುಡುಕಿಕೊಂಡು ಬರುತ್ತಿದ್ದರು.

ಇದೆಲ್ಲವನ್ನೂ ಸುಧಾಳಿಗೆ ಹೇಳಿದವಳು ಆಶ್ರಮದ ಹೆಂಗಸರು ಮಲಗುವ ಹಾಲ್‌ನ ಚೆಲುವಮ್ಮ. ವರ್ಷಗಟ್ಟಲೆ ಸೊಪ್ಪು ಕಟ್ಟಿದ ಹೆಂಗಸು ಅವಳು, ಈಗ ಎರಡೂ ಕಾಲು ಬಿದ್ದುಹೋಗಿವೆ. ಸುಧಾ ಮಿರ್ಲೆಯವಳು, ನಾಲೆ ನೀರಿನ ಊರಿನವಳು. ಭತ್ತದ ನಾಟಿ ಗೊತ್ತು, ಕಬ್ಬು ಗೊತ್ತು. ಹೊಗೆಸೊಪ್ಪನ್ನು ಬಸ್ಸಿನ ಕಿಟಕಿಯಿಂದ ನೋಡಿದ್ದು ಬಿಟ್ಟರೆ ಅದರ ಗಂಧಗಾಳಿ ಇಲ್ಲ. ಆದರೆ ಚೆಲುವಮ್ಮನ ಮಾತು ಕೇಳಿ ಅವಳ ತಲೆಗೆ ಒಂದು ಉಪಾಯ ಹೊಳೆಯಿತು. ಹೊಲದ ಬದುವಿನಿಂದ ತೇಗದ ಎಲೆಗಳನ್ನು ಮೂಟೆಗಟ್ಟಲೆ ತರಿಸಿದಳು. ಹೊಗೆಸೊಪ್ಪಿನಷ್ಟೇ ಅಗಲದ ಎಲೆ. ಜೊತೆಗೆ ದಾರ, ಕಡ್ಡಿ.

ಆ ದಿನ ಹೆಂಗಸರ ಹಾಲ್ ಹಾಲ್ ಆಗಿ ಉಳಿಯಲಿಲ್ಲ. ಚಮಚ ಹಿಡಿಯಲಾರದ ಚೆಲುವಮ್ಮನ ಬೆರಳು ಎಲೆ ಜೋಡಿಸಿ ದಾರ ಸುತ್ತಿ ಎಳೆಯುವ ವೇಗಕ್ಕೆ ಸುಧಾಳ ಕಣ್ಣು ಸೋತಿತು. ಬೈಗುಳ, ನಗು, ಯಾರದೋ ಮದುವೆಯ ಹಳೇ ಚಾಡಿ. ಕಟ್ಟಿದ ಕಡ್ಡಿಗಳನ್ನು ಆಶ್ರಮದ ವಾರ್ಷಿಕೋತ್ಸವದ ಸಿಂಗಾರಕ್ಕೆಂದು ಮಂಚಗಳ ಮೇಲೆ ತಂತಿ ಬಿಗಿದು ಸಾಲಾಗಿ ತೂಗುಹಾಕಿದರು. ಸುಧಾಳಿಗೆ ಅಳುವಷ್ಟು ಸಂತೋಷವಾಯಿತು.

ಮರುದಿನ ಶಿವನಂಜಪ್ಪ ತಾನಾಗಿ ಎದ್ದು ಹೆಂಗಸರ ಹಾಲ್‌ಗೆ ಬಂದ. ತಲೆ ಎತ್ತಿ ಸಾಲುಗಳನ್ನು ಎಣಿಸಿದ. ಒಂದು ಎಲೆಯನ್ನು ಬೆರಳಲ್ಲಿ ಉಜ್ಜಿದ.

"ಸೊಪ್ಪು ತುಂಬ್ಯದೆ," ಅಂದ. ನಾಲ್ಕು ತಿಂಗಳಲ್ಲಿ ಅವನಾಡಿದ ಮೊದಲ ಮಾತು.

ಆಮೇಲೆ ಅವನು ದಿನಾ ಬರತೊಡಗಿದ. ಕಿಟಕಿಗಳನ್ನು ಒಂದೊಂದಾಗಿ ಮುಚ್ಚುತ್ತಿದ್ದ, ಸಂದಿಗೆ ಬಟ್ಟೆ ತುರುಕುತ್ತಿದ್ದ. ಚಳಿಗೆ ಮುದುಕಿಯರ ಮೇಲೆ ಕಾಳಜಿ ಅಂದುಕೊಂಡಳು ಸುಧಾ. ಊರುಗೋಲುಗಳು ಕಾಣೆಯಾಗತೊಡಗಿದವು. ಮುದುಕರು ಎಲ್ಲೋ ಇಟ್ಟು ಮರೆತಿರಬೇಕು ಅಂದುಕೊಂಡಳು. ತೇಗದ ಎಲೆ ಅಂಚಿನಿಂದ ಹಳದಿಯಾಗುತ್ತಾ ಬಂತು.

"ಅವ್ವಾ, ಆ ಸೊಪ್ಪು ಇಳ್ಸಿಬುಡು," ಚೆಲುವಮ್ಮ ಅವಳ ಸೆರಗು ಹಿಡಿದು ಎಳೆದಳು. "ಸೊಪ್ಪು ಏರಿದ್ ಮೇಲೆ ಬೆಂಕಿ ಹಾಕ್ದೆ ಅವ್ನು ಬುಡಾಕಿಲ್ಲ ಕಣವ್ವ. ಅವ್ನ ಕಣ್ ನೋಡು ನೀನು."

"ಇರ್ಲಿ ಬುಡಜ್ಜಿ, ವಾರ್ಷಿಕೋತ್ಸವಕ್ಕೆ ಇನ್ನು ಮೂರೇ ದಿನ," ಸುಧಾ ನಕ್ಕಳು. ಹಳೇ ಕೆಲಸಗಾರನ ಹೊಗಳಿಕೆ ಅಂತ ಅದನ್ನು ತಿಳಿದಳು. ಎಂಥ ತಿಳಿವಳಿಕೆಯೋ!

ಮಾರನೇ ದಿನ ಮಧ್ಯಾಹ್ನದ ಊಟವಾಗಿ ಎಲ್ಲರೂ ಮಲಗಿದ್ದರು. ಸುಧಾ ಆಫೀಸಿನಲ್ಲಿ ಕೂತು ವರದಿ ಬರೆಯುತ್ತಿದ್ದಳು: ಶಿವನಂಜಪ್ಪನವರಲ್ಲಿ ಗಮನಾರ್ಹ ಸುಧಾರಣೆ ಕಂಡುಬಂದಿದೆ, ಸುತ್ತಲಿನವರ ಬಗ್ಗೆ ಆಸಕ್ತಿ ತೋರುತ್ತಿದ್ದಾರೆ. ಅಷ್ಟರಲ್ಲಿ ಹೊಗೆಯ ವಾಸನೆ ಬಂತು. ಸ್ನಾನದ ಒಲೆ ಉರಿಯುವುದು ಬೆಳಿಗ್ಗೆ ಮಾತ್ರ. ಅವಳು ಪೆನ್ನು ಬಿಟ್ಟು ಎದ್ದಳು.

ಹಾಲ್‌ನ ಹಿಂಗೋಡೆಗೆ ಅಂಟಿಕೊಂಡಿದ್ದ ಬಚ್ಚಲಿನ ಒಲೆಯ ಮುಂದೆ ಶಿವನಂಜಪ್ಪ ಕುಕ್ಕರುಗಾಲಲ್ಲಿ ಕೂತಿದ್ದ. ಹೊಗೆ ಹೋಗುವ ತಗಡಿನ ಕೊಳವೆಯನ್ನು ಸೂರಿನಿಂದ ಕಿತ್ತು, ತಿರುಗಿಸಿ, ಹಾಲ್‌ನ ಗವಾಕ್ಷಿಯೊಳಗೆ ತೂರಿಸಿದ್ದ. ಹಾಲ್‌ನ ಬಾಗಿಲ ಚಿಲಕದಲ್ಲೇ ಸದಾ ತೂಗುತ್ತಿದ್ದ ಬೀಗವನ್ನು ಹೊರಗಿನಿಂದ ಹಾಕಿ, ಬೀಗದ ಕೈಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಿದ್ದ. ಒಳಗೆ ಏಳು ಜನ ಹೆಂಗಸರು. ಅವರಲ್ಲಿ ಎದ್ದು ನಡೆಯಬಲ್ಲವರು ಇಬ್ಬರು, ಆ ಇಬ್ಬರ ಊರುಗೋಲುಗಳು ಒಲೆಯಲ್ಲಿ ಉರಿಯುತ್ತಿದ್ದವು.

"ತಾತ, ಬೀಗದ ಕೈ ಕೊಡಿ!"

"ಸದ್ ಮಾಡ್ಬ್ಯಾಡ ಮಗಾ. ಈಗ ಬಾಗ್ಲು ತೆಗದ್ರೆ ಸೊಪ್ಪೆಲ್ಲಾ ಕಪ್ಪಾಯ್ತದೆ."

"ಒಳಗೆ ಜನ ಅವ್ರೆ ತಾತ! ಚೆಲುವಜ್ಜಿ ಅವ್ಳೆ!"

"ಬ್ಯಾರನ್ ಒಳ್ಗೆ ಜನ ಯಾಕಿರ್ತಾರೆ?" ಅಂದ ಅವನು. ಆ ದನಿಯಲ್ಲಿ ಹುಚ್ಚಿರಲಿಲ್ಲ. ಕೆಲಸ ಗೊತ್ತಿಲ್ಲದ ಹುಡುಗಿಗೆ ತಾಳ್ಮೆಯಿಂದ ಹೇಳಿಕೊಡುವ ಯಜಮಾನನ ದನಿ ಅದು. ಸುಧಾ ಅವನ ಪಕ್ಕಕ್ಕೆ ನುಗ್ಗಿದಳು. ಕೊಳವೆಯನ್ನು ಎಳೆಯಲು ಹೋದಳು, ಅಂಗೈ ಸುಟ್ಟಿತು. ಅವನು ಅವಳನ್ನು ಮೊಣಕೈಯಿಂದ ತಳ್ಳಿ ಇನ್ನೊಂದು ಊರುಗೋಲನ್ನು ಒಲೆಗೆ ಒಟ್ಟಿದ. ಗೋಡೆಯಾಚೆ ಒಂದು ಕೆಮ್ಮು, ಆಮೇಲೆ ಎರಡು, ಆಮೇಲೆ ಲೆಕ್ಕ ಸಿಗದಷ್ಟು. ರಘು, ರಘು ಅಂತ ಮೇಲ್ವಿಚಾರಕನನ್ನು ಕೂಗಿದಳು. ಅವನು ಪಿರಿಯಾಪಟ್ಟಣಕ್ಕೆ ಶಾಮಿಯಾನ ಗೊತ್ತುಮಾಡಲು ಹೋಗಿದ್ದ.

ಆಗ ಒಳಗಿನಿಂದ ಚೆಲುವಮ್ಮನ ಗಂಟಲು, ಹರಿದುಹೋಗುವಂತೆ:

"ಶಿವ್ನಂಜಪ್ಪೋ! ಎಲೆ ಉದ್ರಿ ಕೊಳ್ವೆ ಮ್ಯಾಲೆ ಬಿತ್ತು ಕಣ್ಲಾ!"

ಶಿವನಂಜಪ್ಪ ಎದ್ದ ರೀತಿಯನ್ನು ಸುಧಾ ಸಾಯುವವರೆಗೂ ಮರೆಯುವುದಿಲ್ಲ. ಎಪ್ಪತ್ತೆಂಟರ ಮುದುಕ ಓಡಿದ. ಸೊಂಟದಿಂದ ಬೀಗದ ಕೈ ಎಳೆದು, ಬಾಗಿಲು ಒದ್ದು ತೆರೆದು, ಹೊಗೆಯೊಳಗೆ ನುಗ್ಗಿ, ಬಿದ್ದ ಎಲೆಗಾಗಿ ನೆಲವನ್ನೆಲ್ಲ ತಡಕಾಡಿದ. ಸುಧಾ ಅವನ ಪಕ್ಕದಲ್ಲೇ ಒಬ್ಬೊಬ್ಬರನ್ನಾಗಿ ಅಂಗಳಕ್ಕೆ ಎಳೆದುಹಾಕಿದಳು. ಏಳೂ ಜನ ಉಳಿದರು. ಎಲೆ ಯಾವುದೂ ಬಿದ್ದಿರಲಿಲ್ಲ. ಅಂಗಳದ ಮಣ್ಣಲ್ಲಿ ಮಲಗಿ ಕೆಮ್ಮುತ್ತಾ ಚೆಲುವಮ್ಮ ಸುಧಾಳ ಮುಖವನ್ನೇ ನೋಡುತ್ತಿದ್ದಳು. ಬೈದಿದ್ದರೆ ಚೆನ್ನಾಗಿತ್ತು.

ಸಂಜೆಯೊಳಗೆ ಕಡ್ಡಿಗಳನ್ನೆಲ್ಲ ಇಳಿಸಿ ತಿಪ್ಪೆಗೆ ಹಾಕಿದರು. ದೇವರ ಮನೆಯ ಬೆಂಕಿಪೊಟ್ಟಣವೂ ರಘುವಿನ ಬೀರು ಸೇರಿತು. ನಾಳೆ ಶಿವನಂಜಪ್ಪನನ್ನು ಬೇರೆ ಕಡೆ ಕಳಿಸುವುದೆಂದು ತೀರ್ಮಾನವಾಯಿತು. ಯಾವ ಕಡೆ ಅಂತ ಯಾರಿಗೂ ಗೊತ್ತಿರಲಿಲ್ಲ. ಕೈಗೆ ಪಟ್ಟಿ ಸುತ್ತಿಕೊಂಡು ಸುಧಾ ಅವನಿಗೆ ಊಟ ಕೊಡಲು ಹೋದಳು. ಅವನ ಮೇಲೆ ಅವಳಿಗೆ ಸಿಟ್ಟಿರಲಿಲ್ಲ. ಅವನ ಕೈ ಯಾವ ಕೆಲಸಕ್ಕೆ ಹುಟ್ಟಿದ್ದೋ ಅದನ್ನು ಹುಡುಕಿಕೊಟ್ಟವಳು ಅವಳೇ ತಾನೇ.

"ಎಷ್ಟು ಕಡ್ಡಿ ಸುಟ್ಟೋದ್ವು ಮಗಾ?" ಅವನು ಕೇಳಿದ.

"ಒಂದೂ ಇಲ್ಲ ತಾತ."

ಶಿವನಂಜಪ್ಪನ ಮುಖ ಅರಳಿತು. ಅವಳು ಅಲ್ಲಿಗೆ ಬಂದ ಮೇಲೆ ಅವನು ನಕ್ಕದ್ದು ಅದೇ ಮೊದಲು. "ಮೂವತ್ತೆಂಟು ವರ್ಸ," ಅಂದ. "ಒಂದೂ ಇಲ್ಲ. ನಾಳಿಕ್ಕೂ ಸೊಪ್ಪು ತರ್ಸು."

ಅವಳು ತಟ್ಟೆ ಇಟ್ಟು ಹೊರಗೆ ಬಂದಳು. ಹಿಂದೆ ಕಿಟಕಿ ಮುಚ್ಚಿದ ಸದ್ದಾಯಿತು. ವಾಪಸು ಹೋಗಿ ತೆರೆದಳು. ಅವಳು ಬಾಗಿಲು ದಾಟುವ ಮೊದಲೇ ಅವನು ಎದ್ದು ಅದನ್ನು ಮತ್ತೆ ಮುಚ್ಚಿ, ಸಂದಿಗೆ ಹೊದಿಕೆ ತುರುಕತೊಡಗಿದ.