ಉಳಿದರ್ಧ ಮಾತು

ಆ ಮಧ್ಯಾಹ್ನ ನನ್ನ ಗಂಡ ಮಜ್ಜಿಗೆಗೆ ಉಪ್ಪು ಹೆಚ್ಚಾಯಿತು ಅಂದರು. ನಾನು ಇಲ್ಲ ಅಂದೆ. ಅಷ್ಟೇ ಜಗಳ. ಹಂಪಿಯಲ್ಲಿ ಹೊಳೆಯ ಕಡೆಗೆ ಹೋಗುವ ಕಾಲುದಾರಿಯ ಬದಿಗೆ, ಒಂದು ಬಂಡೆಯ ನೆರಳಿನಲ್ಲಿ ನಾನು ಮಜ್ಜಿಗೆ, ಸೌತೆಕಾಯಿ ಮಾರುತ್ತೇನೆ. ಅವರು ಗೈಡ್. ಕಡ್ಡಿರಾಂಪುರದ ಮನೆಯಿಂದ ಇಬ್ಬರೂ ಒಂದೇ ಗಾಡಿಯ ಮೇಲೆ ಬರುತ್ತಿದ್ದೆವು, ಮಜ್ಜಿಗೆಯ ಕ್ಯಾನು ನಮ್ಮಿಬ್ಬರ ನಡುವೆ. ಮರುದಿನ ಬೆಳಿಗ್ಗೆ ಹಲ್ಲುಜ್ಜುತ್ತಿದ್ದವರು ಎದೆ ಹಿಡಿದುಕೊಂಡು ಕುಳಿತರು. ಹೊಸಪೇಟೆಯ ಆಸ್ಪತ್ರೆ ಮುಟ್ಟುವುದರೊಳಗೆ ಹೋಗಿಬಿಟ್ಟಿದ್ದರು.

ಅವರು ಹೋಗುವ ಹಿಂದಿನ ದಿನದ ಆ ಮಧ್ಯಾಹ್ನವೇ ಬೆಂಗಳೂರಿನಿಂದ ಒಬ್ಬ ಕ್ಯಾಮೆರಾ ಹಿಡಿದು ಬಂದು ಇವರ ಮಾತನ್ನು ವಿಡಿಯೋ ಮಾಡಿಕೊಂಡು ಹೋಗಿದ್ದ.

ನಾನು ಕೂರುವ ಜಾಗದ ಪಕ್ಕದಲ್ಲಿ ಇನ್ನೊಂದು ಬಂಡೆಯಿದೆ. ಅದರ ನೆತ್ತಿಯ ಮೇಲೆ ಒಂದೇ ಸಾಲಿನಲ್ಲಿ ಸಣ್ಣ ಕುಳಿಗಳು. ಹಿಂದೆ ಕಲ್ಲೊಡೆಯುವವರು ಹೀಗೆ ಕುಳಿ ತೋಡಿ, ಅದರೊಳಗೆ ಬೆಣೆ ಬಡಿದು, ಸಾಲಿನ ಗುಂಟ ಬಂಡೆ ಸೀಳುತ್ತಿದ್ದರು. ಈ ಬಂಡೆಯನ್ನು ಯಾಕೋ ಸೀಳದೆ ಬಿಟ್ಟಿದ್ದಾರೆ.

ನನ್ನ ಗಂಡನಿಗೆ ಒಂದು ರೂಢಿಯಿತ್ತು. ಸುಳ್ಳನ್ನು ಮೊದಲು ಹೇಳುತ್ತಿದ್ದರು, ತಾವೇ ನಂಬಿದವರಂತೆ, ಮುಖದಲ್ಲಿ ನಗುವಿನ ಗೆರೆಯೂ ಇಲ್ಲದೆ.

“ಇದು ಮನುಷ್ಯಾರ ಕೈಲೆ ಆಗೋ ಕೆಲಸ ಅಲ್ಲ್ರಿ. ಸಾಲು ಎಷ್ಟು ನೆಟ್ಟಗ ಐತಿ ನೋಡ್ರಿ. ಮ್ಯಾಲಿಂದ ಬಂದಾರ, ಮಿಷನ್ ತಂದಾರ, ಕೊರದಾರ, ಹೋಗ್ಯಾರ.”

ಆಮೇಲೆ ಸುಮ್ಮನೆ ನಿಲ್ಲುತ್ತಿದ್ದರು. ಕೇಳುವವರು ಒಬ್ಬೊಬ್ಬರಾಗಿ ತಲೆಯಾಡಿಸಬೇಕು. ಅಲ್ಲಿಯವರೆಗೆ ಮುಂದಿನ ಮಾತಿಲ್ಲ.

“ಹೌದು ಅಂದ್ರಲ್ಲಾ, ಯಾಕಂದ್ರಿ? ನಾ ಹೇಳಿದೆ ಅಂತ. ಚುಕ್ಕಿ ದಾಟಿ ಬಂದೋರು ಒಂದು ಕಲ್ಲು ಅರ್ಧಕ್ಕ ಬಿಟ್ಟು ಹೋಗ್ತಾರೇನ್ರಿ? ಅರ್ಧಕ್ಕ ಬಿಡೋರು ನಾವು. ಊಟದ ಹೊತ್ತಾಗಿರಬೇಕು, ಇಲ್ಲಾ ಮೇಸ್ತ್ರಿ ಕೂಡ ಜಗಳ ಆಗಿರಬೇಕು.”

ಜನ ನಗುತ್ತಿದ್ದರು. ಅವರು ಆ ನಗುವಿನ ಜೊತೆಯಲ್ಲೇ ಗುಂಪನ್ನು ಆಚೆ ಕರೆದುಕೊಂಡು ಹೋಗಿ, ಸೀಳಿದ ಕಲ್ಲುಗಳ ಅಂಚಿನಲ್ಲಿ ಅರ್ಧರ್ಧವಾಗಿ ಉಳಿದ ಅದೇ ಕುಳಿಗಳನ್ನು ಮುಟ್ಟಿಸುತ್ತಿದ್ದರು. ಹಾಗಾದರೆ ಮೇಲೆ ಯಾರೂ ಇಲ್ಲವೇ ಎಂದು ಯಾರಾದರೂ ಕೇಳಿಯೇ ಕೇಳುವರು.

“ಇರಬಹುದು. ವಿಜ್ಞಾನಿಗಳು ದೊಡ್ಡ ದೊಡ್ಡ ಡಿಶ್ ಇಟ್ಕೊಂಡು ಆಕಾಶಕ್ಕ ಕಿವಿಗೊಟ್ಟು ಕೇಳಾಕತ್ಯಾರ. ಇನ್ನೂ ಯಾರೂ ಮಾತಾಡಿಲ್ಲ. ಮಾತಾಡಿದ ದಿನ ನಿಮ್ಮೂರಿಗೆ ನಾನಾ ಬಂದು ಪೇಡೆ ಹಂಚ್ತೀನಿ.”

ಇದು ತಮಾಷೆಯಲ್ಲ. ಅವರಿಗೆ ಆ ಪೇಡೆ ಹಂಚುವ ಆಸೆ ನಿಜವಾಗಿಯೂ ಇತ್ತು. ಒಮ್ಮೆ ಸಂಡೂರಿನಲ್ಲಿ ನೆಂಟರ ಮನೆಯಲ್ಲಿದ್ದಾಗ, ಸಂಜೆ ಗುಡ್ಡದ ಮೇಲೆ ದೀಪಗಳ ಸಾಲೊಂದು ಆಕಾಶದಲ್ಲಿ ಮೆರವಣಿಗೆಯಂತೆ ಹೋಯಿತು. ಓಣಿಯವರೆಲ್ಲ ಹೊರಗೆ ಬಂದು, ಗೈಡಪ್ಪ ಏನಂತೀರಿ ಎಂದು ಇವರನ್ನೇ ಕೇಳಿದರು. “ಗೊತ್ತಿಲ್ಲ” ಅಂದರು. “ಊರಿಗೆಲ್ಲಾ ಹೇಳ್ತೀರಿ, ಇದು ಗೊತ್ತಿಲ್ಲೇನು?” ಎಂದು ಒಬ್ಬ ಕೆಣಕಿದ. “ಗೊತ್ತಿಲ್ಲಪ್ಪ” ಎಂದು ಮತ್ತೆ ಅದನ್ನೇ ಅಂದರು. ಅವು ಸಾಲಾಗಿ ಹಾರಿಸಿದ ಉಪಗ್ರಹಗಳು ಎಂದು ಆಮೇಲೆ ಓದಿ ತಿಳಿದುಕೊಂಡು, ಆ ಮನುಷ್ಯನಿಗೆ ಫೋನ್ ಮಾಡಿ ಹೇಳಿದರು. ಹೇಳುವಾಗ ದನಿಯಲ್ಲಿ ಸ್ವಲ್ಪ ಬೇಸರವಿತ್ತು.

ಅಂಥ ಮನುಷ್ಯನ ವಿಡಿಯೋ ಅವರ ಉತ್ತರಕ್ರಿಯೆಯ ದಿವಸದ ಊಟದ ಹೊತ್ತಿಗೆ ನಮ್ಮ ಮನೆಗೆ ಬಂತು. ತಂದವರು ಅವರ ಅಕ್ಕ, ಕಂಪ್ಲಿಯವರು. ತಮ್ಮನನ್ನು ಎತ್ತಿ ಬೆಳೆಸಿದವರು.

“ನೋಡವಾ, ಎಷ್ಟು ಚಂದ ಮಾತಾಡ್ಯಾನ. ಕಂಪ್ಲ್ಯಾಗ ಎಲ್ಲಾರ ಫೋನಿನ್ಯಾಗೂ ಅವನಾ ಅದಾನ.”

‘ಸಾಯುವ ಮುನ್ನ ಸತ್ಯ ಬಿಚ್ಚಿಟ್ಟ ಹಂಪಿ ಗೈಡ್’ ಎಂದು ಮೇಲೆ ಬರೆದಿತ್ತು. ಅವರ ದನಿ ಬಂತು. ನನಗೆ ಬೇರೇನೂ ಕೇಳಿಸಲಿಲ್ಲ, ಬರೀ ದನಿ. ಮತ್ತೊಮ್ಮೆ ಹಾಕಿಸಿದೆ. ಕೊರದಾರ, ಹೋಗ್ಯಾರ ಎಂದು ಅವರು ಸುಮ್ಮನಾಗುವಲ್ಲಿ ವಿಡಿಯೋ ಮುಗಿಯಿತು. ಎಲೆಯ ಮುಂದೆ ಕುಳಿತವರೆಲ್ಲ ತಲೆಯಾಡಿಸಿದರು.

“ಉಳಿದದ್ದು ಎಲ್ಲೈತ್ರಿ ಅಕ್ಕಾ?”

“ಎಂಥಾ ಉಳಿದದ್ದು?”

“ಮ್ಯಾಲಿಂದ ಯಾರೂ ಬಂದಿಲ್ಲಂತ ಹೇಳಿದ್ದು.”

“ಇರೋದನ್ನ ಕೇಳಿ ಸುಮ್ಮನಿರು. ದನಿಯಾದ್ರೂ ಉಳದೈತಿ. ನಾ ದಿನಾ ಎದ್ದ ಕೂಡಲೇ ಕೇಳ್ತೀನಿ.”

ಅವರ ಮೇಲೆ ಸಿಟ್ಟು ಬರಲಿಲ್ಲ. ಸಿಟ್ಟೆಲ್ಲ ಕ್ಯಾಮೆರಾದವನಿಗೆಂದು ಇಟ್ಟುಕೊಂಡೆ. ಅವನ ನಂಬರು ಗಂಡನ ಫೋನಿನಲ್ಲೇ ಇತ್ತು.

“ಮೇಡಂ, ಅವರೇ ಹೇಳಿದ್ದಲ್ವಾ, ನಾನೇನೂ ಸೇರಿಸಿಲ್ಲ” ಅಂದ.

“ಸೇರಿಸಿಲ್ಲಪ್ಪ. ಕತ್ತರಿಸೀದಿ.”

“ಆಮೇಲಿಂದು ರೆಕಾರ್ಡ್ ಮಾಡಿದ್ನೋ ಇಲ್ವೋ ನೆನಪಿಲ್ಲ. ಇದ್ರೂ ಅದನ್ನ ಯಾರು ನೋಡ್ತಾರೆ ಹೇಳಿ?”

“ನಾ ನೋಡ್ತೀನಿ.”

ಹುಡುಕಿಸುತ್ತೇನೆ ಅಂದ. ಬೇಕಿದ್ದರೆ ಅವರ ಬಗ್ಗೆ ಒಂದು ಶ್ರದ್ಧಾಂಜಲಿಯ ವಿಡಿಯೋ ಮಾಡಿಕೊಡುತ್ತೇನೆ, ನೀವೂ ಎರಡು ಮಾತಾಡಿ ಅಂದ. ಬೇಡ ಅಂದೆ. ಆಮೇಲೆ ಅವನು ಫೋನ್ ಎತ್ತಲಿಲ್ಲ.

ಈಗ ಆಟೋದವರು ಜನರನ್ನು ನೇರವಾಗಿ ಆ ಬಂಡೆಗೇ ತರುತ್ತಾರೆ. ಏಲಿಯನ್ ಕಲ್ಲು ಎನ್ನುತ್ತಾರೆ. ನನ್ನ ಮಜ್ಜಿಗೆ ಮಧ್ಯಾಹ್ನಕ್ಕೆಲ್ಲ ಖಾಲಿಯಾಗುತ್ತದೆ. ಬಂದವರಿಗೆ ನಾನು ಲೋಟ ಕೊಟ್ಟು, ಅವರು ಕುಡಿಯುವಾಗ ಹೇಳುತ್ತೇನೆ: ಇದನ್ನು ಕೊರೆದವರು ನಮ್ಮಂಥವರು, ಅರ್ಧಕ್ಕೆ ಬಿಟ್ಟವರೂ ನಮ್ಮಂಥವರು, ಆ ಕಡೆ ಹೋಗಿ ಸೀಳಿದ ಕಲ್ಲಿನ ಅಂಚು ಮುಟ್ಟಿ ನೋಡಿ. ಒಬ್ಬ ಆಟೋದವನಿಗೆ ಇದು ಸರಿಬರಲಿಲ್ಲ. “ಯಕ್ಕಾ, ನಿನ್ನ ಹೊಟ್ಟಿ ಮ್ಯಾಲೆ ನೀನಾ ಕಲ್ಲು ಹಾಕ್ಕೋತಿಯಲ್ಲ” ಎಂದ. “ನನ್ನ ಹೊಟ್ಟಿ, ನನ್ನ ಕಲ್ಲು. ನೀ ಮಜ್ಜಿಗಿ ಕುಡಿ” ಎಂದೆ.

ಕೆಲವರು ಫೋನು ಹೊರಗೆ ತೆಗೆದು, ನನ್ನ ಗಂಡನ ವಿಡಿಯೋವನ್ನೇ ನನ್ನ ಮುಖಕ್ಕೆ ಹಿಡಿದು, “ನೋಡ್ರಿ, ಗೈಡ್ ಹೇಳ್ಯಾರಲ್ಲ” ಎನ್ನುತ್ತಾರೆ. ಅವರು ನನ್ನ ಗಂಡ ಎಂದರೆ ಪಾಪ ಎನ್ನುತ್ತಾರೆ, ನಂಬುವುದಿಲ್ಲ. ಅವರದು ತಪ್ಪೆಂದು ಹೇಳಲಾರೆ. ಹೆಂಡತಿಯ ಮಾತು ಪುರಾವೆಯಲ್ಲ. ನನ್ನ ಗಂಡ ಬದುಕಿದ್ದರೆ ಅವರೂ ಅದನ್ನೇ ಹೇಳುತ್ತಿದ್ದರು. ಆದರೂ ಹೇಳುವುದನ್ನು ನಾನು ನಿಲ್ಲಿಸುವುದಿಲ್ಲ.

ಕಂಪ್ಲಿಗೆ ಹೋದಾಗಲೆಲ್ಲ ಅವರ ಅಕ್ಕ ನನ್ನ ಕೈ ಹಿಡಿದು, “ಮ್ಯಾಲೆ ಕುಂತು ನಿನ್ನನ್ನಾ ನೋಡಾಕತ್ಯಾನ” ಎನ್ನುತ್ತಾರೆ. ಹೌದೆಂದುಬಿಟ್ಟರೆ ಅವರಿಗೂ ಸಮಾಧಾನ, ನನಗೂ. ಅದು ನಿಜವಾಗಲಿ ಎಂದು ನನಗಿರುವಷ್ಟು ಆಸೆ ಬೇರೆ ಯಾರಿಗೂ ಇರಲಾರದು. ಆಸೆ ಇದೆ ಎಂಬ ಕಾರಣಕ್ಕೇ ನಾನು ತಲೆಯಾಡಿಸುವುದಿಲ್ಲ. “ಗೊತ್ತಿಲ್ರಿ ಅಕ್ಕಾ” ಎನ್ನುತ್ತೇನೆ. ಅವರು ಕೈ ಬಿಡುವುದಿಲ್ಲ, ನಾನೂ ಬಿಡಿಸಿಕೊಳ್ಳುವುದಿಲ್ಲ.

ಆ ಕ್ಯಾಮೆರಾದವನಿಗೆ ಈಗಲೂ ಆಗಾಗ ಫೋನ್ ಮಾಡುತ್ತೇನೆ. ಮೇಲಿಂದ ಯಾರೂ ಬಂದಿಲ್ಲವೆಂದು ನನ್ನ ಗಂಡ ಹೇಳಿದ ಭಾಗ, ಅವರ ದನಿಯಲ್ಲಿ, ನನಗೆ ಇನ್ನೂ ಸಿಕ್ಕಿಲ್ಲ.